ಮನೆಯಲ್ಲೇ ಟರ್ಬೊ ಕೂರಿಸಿದರೆ ಆರ್‌ಸಿ ಉಳಿಯುತ್ತಾ?

ಕೇಳಿದವರು, ದಾವಣಗೆರೆಯಿಂದ

ನಮ್ಮಪ್ಪನ 2004ರ ಮಾರುತಿ ಎಸ್ಟೀಮ್ ಪೆಟ್ರೋಲ್ ಕಾರು ಇದೆ. ಬಾಡಿ ಗಟ್ಟಿಯಾಗಿದೆ, ಎಂಜಿನ್ ಇನ್ನೂ ಹೊಗೆ ಬಿಟ್ಟಿಲ್ಲ. ಗುಜರಿಯಲ್ಲಿ ಡೀಸೆಲ್ ಸ್ವಿಫ್ಟ್‌ನ ಟರ್ಬೊ (ಎಂಜಿನ್‌ಗೆ ಜಾಸ್ತಿ ಗಾಳಿ ಒತ್ತಿ ಶಕ್ತಿ ಹೆಚ್ಚಿಸೋ ಭಾಗ) ಕಮ್ಮಿ ರೇಟಿಗೆ ಸಿಕ್ಕಿದೆ. ವೆಲ್ಡಿಂಗ್ ಬರುತ್ತೆ, ಟರ್ಬೊ ಕೂರಿಸೋ ಎಕ್ಸಾಸ್ಟ್ ಪೈಪು, ಅಂದರೆ ಮ್ಯಾನಿಫೋಲ್ಡ್, ನಾನೇ ಮಾಡಿಕೊಳ್ಳುತ್ತೇನೆ. ದುಡ್ಡು ಕೊಟ್ಟರೆ ಟರ್ಬೊ ಆರ್‌ಸಿಗೆ ಸೇರಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ದಿನಾ ರಸ್ತೆಗೆ ತೆಗೆಯೋ ಹಾಗೆ, ಕಾನೂನಿನ ತಕರಾರಿಲ್ಲದೆ ಮಾಡಬಹುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಗ್ಯಾರೇಜ್ ನಡೆಸುವವರು

ತಮ್ಮಾ, ಆ ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡ. ಹಾಗೆ ಸೇರಿಸಿಕೊಡೋಕೆ ದಾರಿಯೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದು. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಕಿಟ್‌ಗಳಿಗೆ ಅದರಲ್ಲೇ ಅವಕಾಶ ಕೊಟ್ಟಿದ್ದಾರೆ. ಟರ್ಬೊಗೆ ಕೊಟ್ಟಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 'ಒಂದೊಂದು' ಅನ್ನೋದನ್ನು ಗಮನಿಸು. ಟರ್ಬೊ, ಅದರ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್, ಎಕ್ಸಾಸ್ಟ್, ಎಂಜಿನ್ ನಡೆಸೋ ಕಂಪ್ಯೂಟರ್ ಇಸಿಯು ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬರಬಹುದು.

ಸಿಸಿ ಬದಲಾಗಿಲ್ಲ, ಎಂಜಿನ್ ನಂಬರ್ ಅದೇ ಇದೆ, ಪಿಯುಸಿ ಹೊಗೆ ತಪಾಸಣೆ ಪಾಸಾಗಿದೆ, ಇನ್ನೇನು ಬೇಕು ಅಂತ ವಾದ ಮಾಡುವವರು ಸಿಗುತ್ತಾರೆ. ಪಿಯುಸಿ ತೆಗೆಯುವಾಗ ಗಾಡಿ ನಿಂತ ಜಾಗದಲ್ಲೇ ಇರುತ್ತೆ, ಎಂಜಿನ್ ಮೇಲೆ ಲೋಡೇ ಇರಲ್ಲ. ಲೋಡ್ ಇಲ್ಲದಿದ್ದರೆ ಬೂಸ್ಟ್, ಅಂದರೆ ಟರ್ಬೊ ಒತ್ತೋ ಗಾಳಿಯ ಒತ್ತಡ, ಏಳಲ್ಲ. ಟ್ಯೂನ್ ಸರಿ ಇದ್ದರೆ ಟರ್ಬೊ ಗಾಡಿಯೂ ಪಾಸಾಗುತ್ತೆ. ಆ ಚೀಟಿಯಿಂದ ಟರ್ಬೊಗೆ ಅನುಮತಿ ಸಿಕ್ಕ ಹಾಗಾಗಲ್ಲ.

ಇನ್ನೊಂದು ವಿಷಯ. ನಿನ್ನದು 2004ರ ಗಾಡಿ. 15 ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಟೈಮಿಗೆ ಸರಿಯಾಗಿ ಮಾಡಿಸಿದ್ದರೆ ಮುಂದಿನದು 2029ಕ್ಕೆ. ಬಾನೆಟ್ ಎತ್ತಿದರೆ ಇಂಟರ್‌ಕೂಲರ್ ಪೈಪು ಕಣ್ಣಿಗೆ ಹೊಡೆಯುತ್ತೆ.

ನನ್ನ ಮಾತು ಕೇಳು. ಟರ್ಬೊ ಹಾಕಲೇಬೇಕು ಅಂದರೆ ಈ ಗಾಡಿ ರೇಸ್ ಟ್ರ್ಯಾಕ್‌ಗೆ ಮಾತ್ರ ಅಂತ ಇವತ್ತೇ ತೀರ್ಮಾನ ಮಾಡು. ರಸ್ತೆಗೂ ಬೇಕು ಅಂದರೆ ಕಂಪನಿ ಫಿಟಿಂಗ್ ಹಾಗೇ ಇರಲಿ. ಎರಡರ ನಡುವೆ ಉಳಿದುಕೊಂಡ ಗಾಡಿಗಳು ನನ್ನ ಗ್ಯಾರೇಜಿಗೆ ಬರುತ್ತವೆ. ಮಾಲೀಕರಿಗೆ ನೆಮ್ಮದಿಯಾಗಿ ಓಡಿಸೋಕೂ ಆಗಲ್ಲ, ಮಾರೋಕೂ ಆಗಲ್ಲ.

ಮಂಗಳೂರಿನಿಂದ, ಟರ್ಬೊ ರಿಪೇರಿ ಮಾಡುವವರು

ಕಾನೂನಿನ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಟರ್ಬೊ ಬಗ್ಗೆ ಮಾತ್ರ ಹೇಳುತ್ತೇನೆ, ಟ್ರ್ಯಾಕ್ ಗಾಡಿ ಅಂತಲೇ ಇಟ್ಟುಕೊಳ್ಳಿ.

ನಿಮಗೆ ಸಿಕ್ಕಿರುವುದು 75 ಪಿಎಸ್ (ಅಶ್ವಶಕ್ತಿಯ ಅಳತೆ) ಡೀಸೆಲ್ ಸ್ವಿಫ್ಟ್‌ನ ಕೆಪಿ35 ಮಾದರಿ ಇರಬೇಕು. ಚಿಕ್ಕ ಟರ್ಬೊ, ಬೇಗ ಬೂಸ್ಟ್ ಕಟ್ಟುತ್ತದೆ. ಆದರೆ ಅದನ್ನು ಮಾಡಿದ್ದು ಡೀಸೆಲ್ ಎಂಜಿನ್‌ನ ಕಡಿಮೆ ಶಾಖಕ್ಕೆ. ಪೆಟ್ರೋಲ್ ಎಂಜಿನ್‌ನ ಎಕ್ಸಾಸ್ಟ್ ಫುಲ್ ಲೋಡಿನಲ್ಲಿ 900 ಡಿಗ್ರಿ ದಾಟುತ್ತದೆ. ಟರ್ಬೈನ್ ಹೌಸಿಂಗ್‌ನಲ್ಲಿ (ಬಿಸಿ ಹೊಗೆ ಹಾಯುವ ಕವಚ), ಅದರಲ್ಲೂ ಹೆಚ್ಚಿನ ಹೊಗೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತೂತಿನ ಹತ್ತಿರ, ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಇದ್ದರೆ ಗುಜರಿಯವನಿಗೇ ವಾಪಸ್ ಕೊಟ್ಟುಬಿಡಿ.

ಜನ ಜಾಸ್ತಿ ಸೋಲುವುದು ಆಯಿಲ್ ಡ್ರೇನ್ ಪೈಪಿನಲ್ಲಿ. ಆಯಿಲ್ ಒಳಗೆ ಹೋಗುವಾಗ ಪ್ರೆಶರ್ ಇರುತ್ತದೆ. ಹೊರಗೆ ಬರುವಾಗ ನೊರೆ ಕಟ್ಟಿಕೊಂಡು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗಾಗಿ ಡ್ರೇನ್ ಪೈಪು ದಪ್ಪ ಇರಬೇಕು, ಎಲ್ಲೂ ಮೇಲಕ್ಕೆ ಏರಬಾರದು, ಸಂಪ್‌ನಲ್ಲಿ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಟರ್ಬೊದ ಡ್ರೇನ್ ಬಾಯಿ ಆದಷ್ಟು ನೇರ ಕೆಳಗೆ ಮುಖ ಮಾಡಿರಬೇಕು. ಇದು ತಪ್ಪಿದರೆ ಆಯಿಲ್ ಒಳಗೇ ನಿಂತು ಸೀಲ್ ದಾಟುತ್ತದೆ, ನೀಲಿ ಹೊಗೆ ಶುರುವಾಗುತ್ತದೆ. ಟರ್ಬೊ ಹೋಯಿತು ಅಂತ ನನ್ನ ಹತ್ತಿರ ತರುತ್ತಾರೆ. ಬಿಚ್ಚಿ ನೋಡಿದರೆ ಬೇರಿಂಗ್ ಹೊಸದರ ಹಾಗೇ ಇರುತ್ತದೆ.

ಬ್ರೇಕ್ ಪೈಪು, ಪೆಟ್ರೋಲ್ ಪೈಪು ಟರ್ಬೊ ಪಕ್ಕ ಹಾಯದ ಹಾಗೆ ನೋಡಿಕೊಳ್ಳಿ. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಸ್ಟೀಮ್‌ನ ಹಳೆಯ ರಬ್ಬರ್ ಪೈಪುಗಳನ್ನು ಅದಕ್ಕೆ ತಾಳುವಂಥವಕ್ಕೆ ಬದಲಾಯಿಸಿ. ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ ಗತಿ.

ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಒಂದು ಡೌಟು. ಎಲ್ಲ ಬೋಲ್ಟ್ ಮೇಲೇ ನಿಲ್ಲೋ ಹಾಗೆ ಮಾಡಿ, ರಿನ್ಯೂವಲ್ ಟೈಮಿಗೆ ಬಿಚ್ಚಿಟ್ಟರೆ? ಇನ್ಶೂರೆನ್ಸ್ ಹೇಗಿದ್ದರೂ ಇದ್ದೇ ಇರುತ್ತಲ್ವಾ?

ಹುಬ್ಬಳ್ಳಿಯಿಂದ, ಇನ್ಶೂರೆನ್ಸ್ ಸರ್ವೇ ಮಾಡುವವರು

ತಪಾಸಣೆ ದಿನ ಬಿಚ್ಚಬಹುದು. ಆಕ್ಸಿಡೆಂಟ್ ಯಾವ ದಿನ ಆಗುತ್ತೆ ಅಂತ ಯಾರಿಗೆ ಗೊತ್ತು? ಗಾಡಿ ನೋಡೋಕೆ ನನ್ನಂಥವರು ಬಂದಾಗ ಟರ್ಬೊ ಕಂಡರೆ ಫೋಟೊ ಸಮೇತ ವರದಿಗೆ ಹೋಗುತ್ತೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಎಂಜಿನ್‌ನಲ್ಲಿ ಬದಲಾವಣೆ ಮಾಡಿದ್ದಾರೆ ಅಂತ ನಿಮ್ಮ ಗಾಡಿಯ ಕ್ಲೇಮ್ ತಿರಸ್ಕಾರ ಆಗಬಹುದು. ಅದಕ್ಕಿಂತ ದೊಡ್ಡ ಭಯ ಎದುರಿನವರಿಗೆ ಪೆಟ್ಟಾದಾಗ. ಮೊದಲು ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಲಿ ಅಂತ ಆದೇಶ ಆಗುವುದಿದೆ. ಆರ್‌ಸಿ ಅಪ್ಪನ ಹೆಸರಲ್ಲಿದೆಯಾ? ಹಾಗಿದ್ದರೆ ನೋಟಿಸ್ ಬರೋದು ಅವರಿಗೆ. ಇದನ್ನು ಮನೆಯಲ್ಲಿ ಕೂತು ಮಾತಾಡಿ.

ಕ್ಯಾಲಿಫೋರ್ನಿಯಾದಿಂದ

ಇಲ್ಲಿನ ಪದ್ಧತಿಯನ್ನೂ ಹೇಳುತ್ತೇನೆ, ಹೋಲಿಸಿ ನೋಡಬಹುದು. ಇಲ್ಲಿ ಟರ್ಬೊ ಹಾಕೋಕೆ ದಾರಿ ಇದೆ, ಆದರೆ ಕಿರಿದು. ಕಿಟ್ ತಯಾರಿಸಿದವರು ರಾಜ್ಯದ ವಾಯು ಮಂಡಳಿಯಿಂದ ಅನುಮತಿ ಪಡೆದು, ಅದರ ನಂಬರ್ ಕೊಟ್ಟಿರಬೇಕು. ಸ್ಮಾಗ್ ಚೆಕ್‌ನಲ್ಲಿ ಬಾನೆಟ್ ಎತ್ತಿ ಆ ನಂಬರ್ ನೋಡುತ್ತಾರೆ. ನಂಬರ್ ಇಲ್ಲದಿದ್ದರೆ ಹೊಗೆ ಎಷ್ಟು ಚೊಕ್ಕ ಇದ್ದರೂ ಫೇಲ್. ಹಾಗಾಗಿ ಪೂರ್ತಿ ಮನೆಯಲ್ಲೇ ಮಾಡುವವರು 1975 ಅಥವಾ ಅದಕ್ಕೂ ಹಿಂದಿನ ಪೆಟ್ರೋಲ್ ಕಾರು ಹುಡುಕುತ್ತಾರೆ, ಅವಕ್ಕೆ ಆ ತಪಾಸಣೆ ಇಲ್ಲ. ನಮ್ಮೂರಲ್ಲೂ ಇಂಥ ಅನುಮತಿ ನಂಬರ್ ಪದ್ಧತಿ ಬಂದರೆ ಕೈಕೆಲಸ ಬಲ್ಲ ಹುಡುಗರಿಗೆ ಒಂದು ನೇರ ದಾರಿ ಸಿಗುತ್ತಿತ್ತು ಅಂತ ನನಗೆ ನಿಜಕ್ಕೂ ಅನಿಸುತ್ತದೆ.

ಬೆಂಗಳೂರಿನಿಂದ, ಗ್ಯಾರೇಜ್ ನಡೆಸುವವರು

ಹುಬ್ಬಳ್ಳಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಬಿಚ್ಚಿಡೋ ಯೋಚನೆ ಬಿಡು.

ರಸ್ತೆಯಲ್ಲಿ ಟರ್ಬೊ ಎಳೆತ ಬೇಕಾ? ಸೆಕೆಂಡ್ ಹ್ಯಾಂಡ್ ಬಲೆನೊ ಆರ್‌ಎಸ್ ಅಥವಾ ಪೋಲೊ ಜಿಟಿ ಟಿಎಸ್‌ಐ ಹುಡುಕು. ಒಂದು 102 ಪಿಎಸ್, ಇನ್ನೊಂದು 105. ಎರಡೂ ಕಂಪನಿಯಿಂದಲೇ ಟರ್ಬೊ ಬಂದವು, ಆರ್‌ಸಿ ಚೊಕ್ಕ.

ಎಸ್ಟೀಮ್ ಟ್ರ್ಯಾಕ್‌ಗೆ ಅಂತಾದರೆ ನಾನು ಸಹಾಯ ಮಾಡುತ್ತೇನೆ. ನಮಗೆ ಹತ್ತಿರ ಅಂದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರಿನ ಕಾರಿ ಸ್ಪೀಡ್‌ವೇ. ಗಾಡಿಯನ್ನು ಫ್ಲಾಟ್‌ಬೆಡ್ ಮೇಲೆ ಹಾಕಿಕೊಂಡು ಹೋಗಬೇಕು. ಆ ಬಾಡಿಗೆಯನ್ನೂ ಈಗಲೇ ಲೆಕ್ಕಕ್ಕೆ ಸೇರಿಸು. ರೇಸ್‌ಗೆ ಇಳಿಯೋದಾದರೆ ಎಫ್‌ಎಮ್‌ಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಲೈಸೆನ್ಸ್ ಬೇಕು. ಯಾವ ಕ್ಲಾಸಿಗೆ ಟರ್ಬೊ ಬಿಡುತ್ತಾರೆ ಅಂತ ಮ್ಯಾನಿಫೋಲ್ಡ್ ಕತ್ತರಿಸುವ ಮುಂಚೆಯೇ ಕೇಳು.

ಖರ್ಚಿನ ಕ್ರಮ ಹೀಗಿರಲಿ. ಮೊದಲು ಬ್ರೇಕು, ಟೈರು. ಆಮೇಲೆ ಟ್ಯೂನ್ ಮಾಡಬಹುದಾದ ಇಸಿಯು, ದೊಡ್ಡ ಇಂಜೆಕ್ಟರ್, ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯೋ ವೈಡ್‌ಬ್ಯಾಂಡ್ ಸೆನ್ಸರ್. ಟರ್ಬೊ ಕೊನೆಗೆ. ಆ ಸೆನ್ಸರ್ ಮೀಟರನ್ನು ಲ್ಯಾಂಬ್ಡಾದಲ್ಲಿ ಓದೋದು ಕಲಿ. ಲ್ಯಾಂಬ್ಡಾ 1 ಅಂದರೆ ಪ್ರಮಾಣ ಸರಿ, ಅದಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಜಾಸ್ತಿ. ಒಂದು ಭಾಗ ಬರೀ ಪೆಟ್ರೋಲ್‌ಗೆ ಸರಿಯಾದ ಗಾಳಿ ಲೆಕ್ಕ ತೂಕದಲ್ಲಿ 14.7 ಭಾಗ, ಇ20ಗೆ ಸುಮಾರು 13.5. ಹಳೇ ಲೆಕ್ಕದಲ್ಲಿ ಟ್ಯೂನ್ ಮಾಡಿದರೆ ಪೆಟ್ರೋಲ್ ಕಮ್ಮಿ ಬಿದ್ದು ಪಿಸ್ಟನ್ ಕರಗುತ್ತೆ. ಬೂಸ್ಟ್ ಇರುವಾಗ ಲ್ಯಾಂಬ್ಡಾ 0.8 ಹತ್ತಿರ ಇರಲಿ. ಕಂಪನಿ ಪಿಸ್ಟನ್ ಇರುವ ತನಕ ಬೂಸ್ಟ್ 0.4 ಬಾರ್ ದಾಟಿಸಬೇಡ. ಸ್ಪಾರ್ಕ್ ಪ್ಲಗ್ ಒಂದು ಹೆಜ್ಜೆ ಕೋಲ್ಡ್ (ಬೇಗ ಶಾಖ ಬಿಡೋದು) ಹಾಕು, ಗ್ಯಾಪ್ ಕಮ್ಮಿ ಮಾಡು.

ಟರ್ಬೊ ಹೌಸಿಂಗ್ ಫೋಟೊ ಕಳಿಸು, ವೇಸ್ಟ್‌ಗೇಟ್ ಕಡೆಯಿಂದ, ಬೆಳಕಿನಲ್ಲಿ ತೆಗೆದದ್ದು. ಬಿರುಕು ಇದೆಯಾ ನೋಡಿ ಹೇಳುತ್ತೇನೆ.