ಅಪ್‌ಡೇಟ್: ಕೊನೆಗೂ ಹಳೆ ಸೆಡಾನ್ ಸಿಕ್ಕಿತು

ಕಾಲೇಜಿಗೆ ಓಡಾಡಲು 2.5 ಲಕ್ಷದೊಳಗೆ ಯಾವ ಹಳೆ ಸೆಡಾನ್ ತಗೊಳ್ಳಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ. 2012ರ ಟೊಯೊಟಾ ಎಟಿಯೋಸ್ ಪೆಟ್ರೋಲ್ ತಗೊಂಡೆ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಮೊದಲು ನೋಡಿದ ಬೇರೆ ಕಾರು ಸಂಜೆ ಬೆಣ್ಣೆಯಂತೆ ಓಡಿತ್ತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಅಂದರೆ ಇಂಜಿನ್ ಆಯಿಲ್ ಉರೀತಿದೆ ಅಂತ! ಮೀಟರ್‌ನಲ್ಲಿ ಬರೀ 48,000 ಕಿ.ಮೀ. ಇತ್ತು, ಆದರೆ ಬ್ರೇಕ್ ಪೆಡಲ್‌ನ ರಬ್ಬರ್ ಸವೆದು ನುಣ್ಣಗಾಗಿತ್ತು; ಮೀಟರ್ ಹಿಂದಕ್ಕೆ ತಿರುಗಿಸಿರಬೇಕು ಅನ್ನಿಸಿತು. ಬಿಟ್ಟು ಬಂದೆ.

ಆಯಸ್ಕಾಂತ ಇಟ್ಟು ಪುಟ್ಟಿ (ತಗ್ಗು ಬಿದ್ದ ತಗಡಿಗೆ ತುಂಬುವ ಪೇಸ್ಟ್, ಅದು ದಪ್ಪಗಿದ್ದರೆ ಆಯಸ್ಕಾಂತ ಸರಿಯಾಗಿ ಅಂಟಲ್ಲ) ಹುಡುಕುವ ಉಪಾಯ ನನಗೆ ಉಪಯೋಗಕ್ಕೆ ಬರಲಿಲ್ಲ. ಎಟಿಯೋಸ್‌ನಲ್ಲಿ ಪೆಟ್ಟು ಬಿದ್ದಿದ್ದು ಬಂಪರ್‌ಗೆ, ಅದು ಪ್ಲಾಸ್ಟಿಕ್ ಅಲ್ವಾ.

ಹೊಸದಾಗಿ ಗೊತ್ತಾಗಿದ್ದು ಇದು: ಹಳೆ ಮಾಲೀಕರ ಕಾರು ಸಾಲ ತೀರಿದ್ದರೂ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಾಗೇ ಇರಬಹುದು. ಫಾರಂ 35, ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಕೊಟ್ಟು ಆ ಹೆಸರನ್ನು ತೆಗೆಸಿದ ಮೇಲೆಯೇ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿ ಪೂರ್ತಿ ದುಡ್ಡು ಕೊಟ್ಟೆ.