ಕೆಂಪು ವೈನ್ ಕುಡಿದರೆ ಬಾಯಿ ಒಣಗುತ್ತದೆ, ಬೇರೇನೂ ಗೊತ್ತಾಗುವುದಿಲ್ಲ. ತಪ್ಪು ನನ್ನದಾ?

ಹೊಸಬ
ಒಂದು ವರ್ಷದಿಂದ ಆಗಾಗ ವೈನ್ ಕುಡಿಯುತ್ತಿದ್ದೇನೆ. ಬಾಟಲಿಯ ಹಿಂದೆ ಏನೇನೋ ಬರೆದಿರುತ್ತಾರೆ. ಬ್ಲ್ಯಾಕ್‌ಬೆರಿ ಅಂತೆ, ಲೆದರ್ ಅಂತೆ, ಹೊಗೆಸೊಪ್ಪು ಅಂತೆ. ಮೂಗನ್ನು ಗ್ಲಾಸಿನೊಳಗೇ ಇಟ್ಟರೂ ನನಗೆ ವೈನ್ ವಾಸನೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಕೆಂಪು ವೈನ್ ಆದರೆ ನಾಲಿಗೆ, ಒಸಡು ಎಲ್ಲ ಒಣಗಿ ಹಿಡಿದುಕೊಳ್ಳುತ್ತದೆ. ಇದನ್ನೇ ಡ್ರೈ ಅನ್ನುತ್ತಾರೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಒಂದು ಬಿಳಿ ವೈನ್ ಮೇಲೂ ಡ್ರೈ ಅಂತಲೇ ಇತ್ತು, ಆದರೆ ಅದನ್ನು ಕುಡಿದಾಗ ಬಾಯಿ ಒಣಗುವುದಿರಲಿ, ನೀರೂರಿತು. ತಲೆ ಕೆಟ್ಟುಹೋಯಿತು. ಕಲಿಯೋದಕ್ಕೆ ಎಲ್ಲಿಂದ ಶುರು ಮಾಡಲಿ?

ಅರ್ಧಗ್ಲಾಸು
ನಿಮ್ಮ ನಾಲಿಗೆ ಸರಿಯಾಗೇ ಇದೆ, ಹೆಸರುಗಳು ಮಾತ್ರ ಕಲಸಿಹೋಗಿವೆ. ಡ್ರೈ ಅಂದರೆ ಸಿಹಿ ಉಳಿದಿಲ್ಲ ಅಂತ, ಅಷ್ಟೇ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಸಿಗುತ್ತದೆ ಅಂತ ಲೆಕ್ಕ. ಸಕ್ಕರೆ ಪೂರ್ತಿ ಮುಗಿದರೆ ಡ್ರೈ.

ಬಾಯಿ ಹಿಡಿದುಕೊಳ್ಳುವುದು ಬೇರೆ ವಿಷಯ, ಅದು ಟ್ಯಾನಿನ್. ಅದಕ್ಕೆ ಕನ್ನಡದಲ್ಲಿ ಒಳ್ಳೇ ಪದ ಇದೆ, ಒಗರು. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿಯ ಜಾರಿಕೆಯನ್ನೇ ತೆಗೆದುಬಿಡುತ್ತದೆ. ಜಾಸ್ತಿ ಹೊತ್ತು ಕುದಿಸಿದ ಚಹಾದಲ್ಲೂ ಇದೇ ಆಗೋದು. ಇದು ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಲ್ಲಿ ಇರುತ್ತದೆ, ಓಕ್ ಪೀಪಾಯಿಯಿಂದಲೂ ಒಂದಿಷ್ಟು ಸೇರುತ್ತದೆ. ಕೆಂಪು ವೈನ್‌ಗೆ ರಸ, ಸಿಪ್ಪೆ, ಬೀಜ ಎಲ್ಲ ಒಟ್ಟಿಗೇ ಹುಳಿಯುತ್ತವೆ. ಬಿಳಿಗೆ ಸಾಮಾನ್ಯವಾಗಿ ಮೊದಲೇ ಹಿಂಡಿ ರಸ ಮಾತ್ರ ಇಟ್ಟುಕೊಳ್ಳುತ್ತಾರೆ. ಕಪ್ಪು ದ್ರಾಕ್ಷಿಯಲ್ಲೂ ಹೆಚ್ಚಿನವುಗಳ ರಸಕ್ಕೆ ಬಣ್ಣವೇ ಇರುವುದಿಲ್ಲ, ಶಾಂಪೇನ್‌ಗೆ ಪಿನೋ ನುವಾ ಅನ್ನುವ ಕಪ್ಪು ದ್ರಾಕ್ಷಿ ಹಾಕಿದರೂ ಅದು ಕೆಂಪಾಗದೇ ಇರೋದು ಅದಕ್ಕೇ. ಇನ್ನು ನೀರೂರಿಸಿದ್ದು ಹುಳಿ.

ವಾಸನೆ ಪಕ್ಕಕ್ಕಿಡಿ. ಒಗರು ಎಷ್ಟು, ಹುಳಿ ಎಷ್ಟು, ಸಿಹಿ ಇದೆಯೋ ಇಲ್ಲವೋ, ಮೊದಲು ಇಷ್ಟನ್ನೇ ನೋಡಿ.

ಬಳ್ಳಿಯ ಕೆಲಸದವ
ತೋಟದ ಕಡೆಯಿಂದ ಎರಡು ಮಾತು. ಕೊಯ್ಲು ಹತ್ತಿರ ಬಂದಾಗ ಸಕ್ಕರೆ ಅಳೆಯುವ ಮೀಟರ್ ಕೈಯಲ್ಲಿದ್ದರೂ ನಾವು ಹಣ್ಣು ಬಾಯಿಗೆ ಹಾಕಿಯೇ ನೋಡುತ್ತೇವೆ. ತಿರುಳು ನುಂಗಿ, ಸಿಪ್ಪೆ ಅಗಿದು, ಬೀಜವನ್ನು ಅಂಗೈಗೆ ಉಗಿದು ಬಣ್ಣ ನೋಡೋದು. ಹಸಿರಿದ್ದರೆ ಒಗರು ಇನ್ನೂ ಒರಟು. ಕಂದು ತಿರುಗಿ, ಹಲ್ಲಿಗೆ ಕಟಕ್ ಅಂದರೆ ಹಣ್ಣು ಬಲಿತಿದೆ. ತಲೆನೋವು ಏನೆಂದರೆ ಬೀಜ ಬಲಿಯಲಿ ಅಂತ ಕಾದಷ್ಟೂ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಬಿಸಿ ಜಾಗದಲ್ಲಿ ಹುಳಿ ಬೇಗ ಹೋಗಿಬಿಡುತ್ತದೆ, ರಾತ್ರಿ ತಂಪಿದ್ದರೆ ಸ್ವಲ್ಪ ಉಳಿಯುತ್ತದೆ. ನಿಮ್ಮ ಗ್ಲಾಸಿನಲ್ಲಿರುವ ಹುಳಿ ಒಗರಿನ ಅರ್ಧ ಜಗಳ ಬಳ್ಳಿಯ ಮೇಲೇ ಮುಗಿದಿರುತ್ತದೆ.

ಮೂಗುದಾರ
ಲೇಬಲ್ ಭಾಷೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಬಗ್ಗೆ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರಂತೆ, ಅವರು ಹೆಚ್ಚಾಗಿ ಕೆಂಪು ವೈನ್‌ಗೆ ಬಳಸುವ ಪದಗಳನ್ನೇ ಬರೆದರು. 2001ರಲ್ಲಿ ಇದು ಪ್ರಕಟವಾಯಿತು. ಮೂಗಿಗಿಂತ ಮೊದಲು ಕಣ್ಣೇ ರುಚಿ ನೋಡಿಬಿಡುತ್ತದೆ, ಅಲ್ವಾ?

ಅರ್ಧಗ್ಲಾಸು
@ಮೂಗುದಾರ ಅದು ನಿಜ, ಆದರೆ ವಾಸನೆಯೆಲ್ಲ ಸುಮ್ನೆ ಕಟ್ಟಿದ ಕತೆ ಅಂತ ಅರ್ಥ ಅಲ್ಲ. ಶಿರಾಜ್ ಅನ್ನುವ ಕೆಂಪು ವೈನ್‌ನಲ್ಲಿ ಬರುವ ಕರಿಮೆಣಸಿನ ವಾಸನೆಗೆ ರೋಟಂಡೋನ್ ಅನ್ನುವ ರಾಸಾಯನಿಕ ಕಾರಣ ಅಂತ 2008ರಲ್ಲಿ ಆಸ್ಟ್ರೇಲಿಯಾದವರು ತೋರಿಸಿದರು. ಮೆಣಸಿನಲ್ಲಿರುವುದೂ ಅದೇ. ತಮಾಷೆ ಅಂದರೆ ಸುಮಾರು ಐದರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯುವುದೇ ಇಲ್ಲ. ವಾಸನೆ ನಿಜವಾಗಿಯೂ ಇರಬಹುದು, ನಿಮ್ಮ ಮೂಗಿಗೆ ಸಿಗದೇ ಇರಬಹುದು, ಎರಡೂ ಸರಿ.

@ಹೊಸಬ ಒಂದೇ ವೈನ್ ಕುಡಿಯುತ್ತಾ ಕೂತರೆ ಏನೂ ಗೊತ್ತಾಗುವುದಿಲ್ಲ. ಎರಡು ಗ್ಲಾಸ್ ಪಕ್ಕಪಕ್ಕ ಇಡಿ. ಶಾರ್ಡೊನೆ ಅನ್ನುವ ಬಿಳಿ ದ್ರಾಕ್ಷಿಯ ವೈನ್‌ನಲ್ಲೇ ಒಂದು ಫ್ರಾನ್ಸಿನ ಶಾಬ್ಲಿ ಊರಿನ ಕಡೆಯದು, ಇನ್ನೊಂದು ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿದ್ದು. ಗ್ಲಾಸಿನ ಮೂರನೇ ಒಂದು ಭಾಗ ಸಾಕು, ಉಳಿದ ಜಾಗ ವಾಸನೆಗೆ ಬೇಕು. ಅಂದಹಾಗೆ, ಕೆಂಪು ವೈನ್ ಎಷ್ಟು ತಣ್ಣಗೆ ಕುಡಿಯುತ್ತೀರಿ?

ಹೊಸಬ
ಫ್ರಿಜ್‌ನಿಂದ ತೆಗೆದು ಸೀದಾ ಗ್ಲಾಸಿಗೆ. 🙈

ಅರ್ಧಗ್ಲಾಸು
ಅಯ್ಯೋ! ತಣ್ಣಗಿದ್ದರೆ ವಾಸನೆ ಮೇಲೇಳುವುದಿಲ್ಲ, ಒಗರು ಮಾತ್ರ ಚುಚ್ಚುತ್ತದೆ. ಒಗರು ಜಾಸ್ತಿ ಇರುವ ಕೆಂಪು ವೈನ್‌ಗೆ 16ರಿಂದ 18 ಡಿಗ್ರಿ ಬೇಕು. ಸಾಕಷ್ಟು ಹೊತ್ತು ಹೊರಗಿಡಿ.

ಹೊಸಬ
ವಾರಾಂತ್ಯದಲ್ಲಿ ಎಲ್ಲ ಮಾಡಿ ನೋಡಿದೆ. ಅದೇ ಕೆಂಪು ವೈನ್, ಫ್ರಿಜ್‌ನಿಂದ ತೆಗೆದ ಕೂಡಲೇ ಒಂದು ಗುಟುಕು, ಒಂದು ಗಂಟೆ ಬಿಟ್ಟು ಇನ್ನೊಂದು. ಎರಡನೆಯದರಲ್ಲಿ ಒಗರು ಇತ್ತು, ಆದರೆ ಒಸಡು ಕಚ್ಚಲಿಲ್ಲ, ಹಣ್ಣಿನ ವಾಸನೆ ಏನೋ ಬಂತು. ಲೆದರ್ ಇನ್ನೂ ಸಿಕ್ಕಿಲ್ಲ. ಎರಡು ಶಾರ್ಡೊನೆಯಲ್ಲಿ ಮಾತ್ರ ಆಶ್ಚರ್ಯ ಆಯಿತು, ಶಾಬ್ಲಿ ನಿಂಬೆಹುಳಿ, ಇನ್ನೊಂದು ಬೆಣ್ಣೆ ಬೆಣ್ಣೆ! ಅದಕ್ಕೆ ನಿಜವಾಗಿ ಏನಾದರೂ ಹಾಕುತ್ತಾರಾ?

ಬಳ್ಳಿಯ ಕೆಲಸದವ
ಬೆಣ್ಣೆ ಯಾರೂ ಹಾಕುವುದಿಲ್ಲ. ಯೀಸ್ಟ್ ಕೆಲಸ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾ ಚುರುಕಾದ ಮ್ಯಾಲಿಕ್ ಹುಳಿಯನ್ನು ಮೆತ್ತಗಿನ ಲ್ಯಾಕ್ಟಿಕ್ ಹುಳಿಗೆ ತಿರುಗಿಸುತ್ತವೆ, ಹಾಲು ಮೊಸರಾದಾಗ ಹುಟ್ಟುತ್ತದಲ್ಲ, ಅದೇ ಹುಳಿ. ಆ ಕೆಲಸದಲ್ಲಿ ಡೈಅಸಿಟೈಲ್ ಅಂತ ಒಂದು ಹುಟ್ಟುತ್ತದೆ, ಬೆಣ್ಣೆಯ ವಾಸನೆಗೂ ಅದೇ ಕಾರಣ. ಶಾಬ್ಲಿಯಲ್ಲೂ ಸಾಮಾನ್ಯವಾಗಿ ಇದು ನಡೆಯುತ್ತದೆ, ಆದರೆ ಅಲ್ಲಿ ತಂಪು ಹವೆಗೆ ಹುಳಿ ಮೊದಲೇ ಜಾಸ್ತಿ ಇರುತ್ತದೆ, ಹೊಸ ಓಕ್ ಬಳಸುವುದೂ ಕಡಿಮೆ. ಮೂಗು ಸರಿ ಇಲ್ಲ ಅಂದವರು ಬೆಣ್ಣೆ ಹಿಡಿದುಬಿಟ್ಟಿರಲ್ಲ!