ಸಭಾ ಹಿರಿಯರನ್ನು ಆರಿಸುವಾಗ ಏನು ನೋಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಸುಂಟಿಕೊಪ್ಪ ಕಡೆಯ ಚಿಕ್ಕ ಕ್ರೈಸ್ತ ಸಭೆ ನಮ್ಮದು. ಹಿರಿಯರೊಬ್ಬರು ವಯಸ್ಸಾಯಿತೆಂದು ಬಿಡುತ್ತಿದ್ದಾರೆ. ಎರಡು ಹೆಸರು ಬಂದಿವೆ. ಒಬ್ಬರು ತೋಟದ ಮಾಲೀಕರು, ಚರ್ಚ್ ಕಟ್ಟಡಕ್ಕೆ ಜಾಸ್ತಿ ಕೊಟ್ಟವರು, ಚೆನ್ನಾಗಿ ಮಾತಾಡುತ್ತಾರೆ. ಇನ್ನೊಬ್ಬರು ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಮಾತು ಕಡಿಮೆ. ನಿಮ್ಮಲ್ಲಿ ಏನು ನೋಡಿ ಆರಿಸಿದಿರಿ?

ಸಿದ್ದಾಪುರದಿಂದ:
ಹಿರಿಯರು ಹೇಗಿರಬೇಕು ಅಂತ ಬೈಬಲಿನಲ್ಲಿ ಪೌಲನ ಪತ್ರಗಳು ಹೇಳುತ್ತವೆ. ಮೊದಲು 1 ತಿಮೊಥೆಯ 3, ತೀತ 1 ಎರಡನ್ನೂ ಒಟ್ಟಿಗೆ ಕೂತು ಓದಿ. ಬೋಧಿಸಲು ಬರಬೇಕು ಅನ್ನುವುದನ್ನು ಬಿಟ್ಟರೆ ಅಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ನಡತೆಯೇ. ಸಿಟ್ಟು, ಕುಡಿತ, ಹಣದಾಸೆ, ಜಗಳ, ಮನೆ ನಡೆಸುವ ರೀತಿ, ಬಂದವರನ್ನು ಸತ್ಕರಿಸುವುದು. ಕಾಣಿಕೆಯ ಮೊತ್ತದ ಮಾತೇ ಇಲ್ಲ.

ನಮ್ಮಲ್ಲಿ ಜಾಸ್ತಿ ಚರ್ಚೆ ಆದದ್ದು ತಿಮೊಥೆಯದ 7ನೇ ವಚನದ ಮೇಲೆ. ಸಭೆಯ ಹೊರಗಿನವರೂ ಅವರ ಬಗ್ಗೆ ಒಳ್ಳೆಯದು ಹೇಳಬೇಕು ಅಂತ ಅಲ್ಲಿದೆ. ನಮ್ಮ ಕೊಡಗಿನಲ್ಲಿ ಹೊರಗಿನವರು ಅಂದರೆ ಯಾರು? ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರು, ಪಕ್ಕದ ತೋಟದವರು, ಅಂಗಡಿಯವರು. ಭಾನುವಾರ ಬೆಳಿಗ್ಗೆ ಎಲ್ಲರೂ ಒಳ್ಳೆಯವರೇ. ಕಾಫಿ ಕುಯ್ಲಿನಲ್ಲಿ ಚೀಲ ತೂಗುವಾಗ ನೋಡಿ. ತೂಕದಲ್ಲಿ ಮುರಿದುಕೊಳ್ಳುತ್ತಾರಾ? ಬಟವಾಡೆ ಹೇಳಿದ ದಿನ ಆಗುತ್ತದಾ? ಕೊಯ್ದವರ ಕೂಲಿ ಹಿಡಿದಿಟ್ಟವರನ್ನು ಯಾಕೋಬನ ಪತ್ರದ 5ನೇ ಅಧ್ಯಾಯ ಸುಮ್ನೆ ಬಿಟ್ಟಿಲ್ಲ, ಅಲ್ವಾ? ಬಡವರು ಅಂತ ರೈಟರ್ ಕಡೆ ವಾಲಲೂಬೇಡಿ. ಎಷ್ಟೋ ತೋಟಗಳಲ್ಲಿ ತೂಕದ ಪುಸ್ತಕ ಅವರ ಕೈಯಲ್ಲೇ ಇರುತ್ತದೆ. ಕೆಲಸದವರನ್ನು ಇಬ್ಬರ ಬಗ್ಗೆಯೂ ಕೇಳಿ. ಮುಜುಗರದ ಕೆಲಸ, ಆದರೂ ಕೇಳಿ.

ಮಡಿಕೇರಿಯಿಂದ:
ನಿಮ್ಮದು ಯಾವ ಸಭೆ ಅಂತ ಹೇಳಿಲ್ಲ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆದರೆ ದೀಕ್ಷೆ ಪಡೆದ ಪಾದ್ರಿಯನ್ನೇ ಪ್ರೆಸ್ಬಿಟರ್, ಅಂದರೆ ಹಿರಿಯ, ಅನ್ನುತ್ತಾರೆ, ಆಡಳಿತಕ್ಕೆ ಪಾಸ್ಟರೇಟ್ ಕಮಿಟಿ ಇರುತ್ತದೆ. ಬ್ರದರನ್ ಪಂಗಡದ ಸಭೆಯಾದರೆ ಕ್ರಮವೇ ಬೇರೆ. ನಿಮ್ಮ ನಿಯಮ ಮೊದಲು ನೋಡಿ.

ಹಿರಿಯರ ಮಕ್ಕಳು ನಂಬುವವರೂ ಹೇಳಿದ ಮಾತು ಕೇಳುವವರೂ ಆಗಿರಬೇಕು ಅಂತ ಆ ಪತ್ರಗಳಲ್ಲಿದೆ, ಅದರಲ್ಲಿ ಅವಸರ ಬೇಡ. ಬೆಂಗಳೂರು ಸೇರಿದ ಮಗ ಚರ್ಚಿಗೆ ಹೋಗುವುದಿಲ್ಲ ಅಂತ ನಮ್ಮಲ್ಲಿ ಒಬ್ಬರ ಹೆಸರು ಬಿಡಲು ಹೊರಟಿದ್ದರು. ಆ ಮಾತು ಮನೆಯಲ್ಲಿರುವ ಮಕ್ಕಳಿಗೆ ಮಾತ್ರ ಅಂತ ಓದುವವರೂ ಇದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ. ಮದುವೆ ಆಗದವರು ಹಿರಿಯರಾಗಬಾರದು ಅನ್ನುವವರಿಗೆ ಒಂದೇ ಉತ್ತರ: ಇದನ್ನು ಬರೆದ ಪೌಲನಿಗೇ ಹೆಂಡತಿ ಜೊತೆಗಿರಲಿಲ್ಲ.

ಗೋಣಿಕೊಪ್ಪದಿಂದ:
ಕುಡಿತದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮನೆಯಲ್ಲೇ ವೈನ್ ಮಾಡುವ ಊರು ನಮ್ಮದು! ಒಂದು ಲೋಟ ಕುಡಿದರೇ ತಪ್ಪು ಅಂತ ತಿಮೊಥೆಯದಲ್ಲಿ ಇಲ್ಲ, ಅದಕ್ಕೆ ದಾಸರಾಗಬಾರದು ಅಂತಿದೆ. ಆದರೆ ಕುಡಿದ ಮೇಲೆ ಕೈ ಎತ್ತುವವರಾ ಅಂತ ಹೆಂಡತಿಯನ್ನು ಕೇಳಿ. ಗಂಡ ಎದುರಿಗೆ ಇಲ್ಲದಾಗ, ಸಭೆಯ ಹಿರಿಯ ಹೆಂಗಸರೇ ಕೇಳಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ರೈಟರ್ ಅವರ ಬಗ್ಗೆ ತೋಟದಲ್ಲಿ ಒಳ್ಳೆಯ ಮಾತೇ ಇದೆ. ಆದರೆ ವೇದಿಕೆ ಹತ್ತಿದರೆ ಗಂಟಲು ಕಟ್ಟುತ್ತದೆ. ಬೋಧನೆ ಹೇಗೆ?

ಸಿದ್ದಾಪುರದಿಂದ:
ಬೋಧನೆಗೆ ವೇದಿಕೆಯೇ ಬೇಕಾ? ತೀತ 1:9 ಕೇಳುವುದು ವಾಕ್ಯವನ್ನು ಬಿಗಿಯಾಗಿ ಹಿಡಿದವರನ್ನು, ಜನರಿಗೆ ಬುದ್ಧಿ ಹೇಳಬಲ್ಲವರನ್ನು. ಒಂದೆರಡು ಮನೆಕೂಟ ಅವರಿಗೆ ಬಿಡಿ. ಮಳೆಗಾಲದಲ್ಲಿ ಕಾಯಿಲೆಯವರ ಮನೆಗಳಿಗೆ ಇಬ್ಬರನ್ನೂ ಕಳಿಸಿ, ಪ್ರಾರ್ಥನೆ ಮಾಡಿ ಬರಲಿ. ಅವಸರದಲ್ಲಿ ಯಾರ ಮೇಲೂ ಕೈ ಇಡಬೇಡ, ಅಂದರೆ ಯಾರನ್ನೂ ನೇಮಿಸಬೇಡ ಅಂತ ಪೌಲ ತಿಮೊಥೆಯನಿಗೇ ಹೇಳಿದ್ದಾನೆ. ಮುಂದಿನ ಕುಯ್ಲು ಮುಗಿಯುವವರೆಗೆ ಜಾಗ ಖಾಲಿ ಇದ್ದರೂ ನಷ್ಟ ಇಲ್ಲ.